ಪಾಠವೂ ಪಾತ್ರವೂ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಟನೆ ಮತ್ತು ಶಿಕ್ಷಕ ವೃತ್ತಿಯಿಂದ ಬೇರೆಯವರಿಗೆ ಏನು ಉಪಯೋಗ ಎಂಬ ವಿಷಯದ ಮೇಲೆ ನಾಲ್ಕು ಮಾತನಾಡಲು ನನ್ನನ್ನು ಕೇಳಿದ್ದೀರಿ. ನಮ್ಮ ಮನೆಗಳಲ್ಲಿ ಮಗ ನಟನಾಗುತ್ತೇನೆ ಎಂದರೆ ಬೈಗುಳ ಬೀಳುತ್ತದೆ. ಮೇಷ್ಟ್ರಾಗುತ್ತೇನೆ ಎಂದರೆ ಬೈಯುವುದಿಲ್ಲ, "ಬೇರೆ ಏನೂ ಸಿಗಲಿಲ್ಲವಾ?" ಎಂದು ಕೇಳುತ್ತೇವೆ. ಎರಡಕ್ಕೂ ಮರ್ಯಾದೆ ಅಷ್ಟಕ್ಕಷ್ಟೇ. ಆದ್ದರಿಂದ ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಒಳ್ಳೆಯದೇ.

ಕನ್ನಡ ಚಿತ್ರರಂಗದ ಹಿರಿಯರಾದ ಬಿ.ಆರ್. ಪಂತುಲು ಅವರು ಮೊದಲು ಶಾಲಾ ಮೇಷ್ಟ್ರಾಗಿದ್ದವರು. ಆ ಕೆಲಸ ಬಿಟ್ಟು ನಾಟಕಕ್ಕೆ, ಅಲ್ಲಿಂದ ಸಿನಿಮಾಕ್ಕೆ ಬಂದರು. 1958ರಲ್ಲಿ ಅವರು 'ಸ್ಕೂಲ್ ಮಾಸ್ಟರ್' ಎಂಬ ಚಿತ್ರ ನಿರ್ದೇಶಿಸಿ, ಮೇಷ್ಟ್ರ ಪಾತ್ರವನ್ನು ತಾವೇ ಮಾಡಿದರು. ಪ್ರಾಮಾಣಿಕ ಮೇಷ್ಟ್ರು ನಿವೃತ್ತರಾಗುತ್ತಾರೆ. ಹೆತ್ತ ಮಕ್ಕಳು ತಂದೆಯನ್ನು ಒಂದು ಕಡೆ, ತಾಯಿಯನ್ನು ಒಂದು ಕಡೆ ಮಾಡುತ್ತಾರೆ. ಕೊನೆಗೆ ಕೈಹಿಡಿಯುವವನು ಪೊಲೀಸ್ ಅಧಿಕಾರಿಯಾಗಿರುವ ಒಬ್ಬ ಹಳೆಯ ಶಿಷ್ಯ. ಆ ಪಾತ್ರವನ್ನು ಶಿವಾಜಿ ಗಣೇಶನ್ ಮಾಡಿದ್ದರು. ಪಂತುಲು ತರಗತಿಯಲ್ಲೇ ಉಳಿದಿದ್ದರೆ ಕೆಲವು ನೂರು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಪರದೆಯ ಮೇಲೆ ಮೇಷ್ಟ್ರಾಗಿ ನಿಂತು ಇಡೀ ನಾಡಿಗೇ ಗುರುವಿನ ಬೆಲೆ ಏನೆಂದು ಹೇಳಿದರು.

ಇನ್ನೊಂದು ಚಿತ್ರ ನಿಮಗೆಲ್ಲ ಗೊತ್ತು. ಪಂತುಲು ಅವರ ಬಳಿ ಸಹಾಯಕರಾಗಿ ಕೆಲಸ ಕಲಿತ ಪುಟ್ಟಣ್ಣ ಕಣಗಾಲ್ ಅವರು 1972ರಲ್ಲಿ ತೆಗೆದ 'ನಾಗರಹಾವು'. ಅದರಲ್ಲಿ ಕೆ.ಎಸ್. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರು, ವಿಷ್ಣುವರ್ಧನ್ ಅವರ ರಾಮಾಚಾರಿ. ಯಾರ ಮಾತನ್ನೂ ಕೇಳದ ಹುಡುಗ ಮೇಷ್ಟ್ರ ಮಾತಿಗೆ ಮಾತ್ರ ತಲೆಬಾಗುತ್ತಾನೆ. ಅವರು ಹೇಳಿದರೆಂದು ತನ್ನ ಪ್ರೀತಿಯನ್ನೇ ಬಿಟ್ಟುಕೊಡುತ್ತಾನೆ. ಅದರಿಂದ ಅವನಿಗೂ ಸುಖವಿಲ್ಲ, ಆ ಹುಡುಗಿಗೂ ಇಲ್ಲ. ಶಿಷ್ಯ ನಮ್ಮನ್ನು ಎಷ್ಟು ನಂಬುತ್ತಾನೋ, ನಮ್ಮ ತಪ್ಪು ಅವನಿಗೆ ಅಷ್ಟೇ ದುಬಾರಿಯಾಗುತ್ತದೆ. ಬಿ.ಎಡ್. ತರಗತಿಯಲ್ಲಿ ಪಾಠಯೋಜನೆ ಬರೆಯುವುದನ್ನು ಕಲಿತೆ. ಈ ಮಾತನ್ನು ನನಗೆ ಕಲಿಸಿದ್ದು ಅಶ್ವತ್ಥ್ ಅವರ ಅಭಿನಯ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನನ್ನ ತರಗತಿಯ ಹೆಚ್ಚಿನ ಮಕ್ಕಳು ಮನೆಯಲ್ಲಿ ಉರ್ದು ಆಡುವವರು. ಅವರ ನಾಲಿಗೆಗೆ 'ಳ' ಅಕ್ಷರ ಸುಲಭವಾಗಿ ಬರುವುದಿಲ್ಲ. ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು "ರಜೆಯಲ್ಲಿ ಹಲ್ಲಿಗೆ ಹೋಗಿದ್ದೆ" ಎಂದಳು. ಹಳ್ಳಿ ಹೋಗಿ ಹಲ್ಲಿಯಾಗಿತ್ತು. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಆಮೇಲೆ ಎರಡು ತಿಂಗಳು ಆ ಹುಡುಗಿ ಕನ್ನಡದ ಪೀರಿಯಡ್‌ನಲ್ಲಿ ಬಾಯಿ ಬಿಡಲಿಲ್ಲ.

ಕೊನೆಗೆ ಒಂದು ಉಪಾಯ ಮಾಡಿದೆ. ಬೆಂಚುಗಳನ್ನು ಸಾಲಾಗಿ ಜೋಡಿಸಿ ಕೆಂಗೇರಿಯಿಂದ ವಿಜಯನಗರಕ್ಕೆ ಹೋಗುವ ಬಸ್ ಮಾಡಿದೆವು. ಅವಳಿಗೆ ಕಂಡಕ್ಟರ್ ಪಾತ್ರ ಕೊಟ್ಟೆ. ಕೈಯಲ್ಲಿ ಟಿಕೆಟ್ ಹಿಡಿದು "ಒಳಗಡೆ ನಡೀರಿ, ಒಳಗಡೆ ನಡೀರಿ, ಚಿಲ್ಲರೆ ಕೊಡಿ" ಎಂದು ಕೂಗಿದಳು ನೋಡಿ, 'ಳ' ಸ್ಪಷ್ಟವಾಗಿ ಬಂತು! ಮಾತನಾಡಿದ್ದು ತಾನಲ್ಲ, ಕಂಡಕ್ಟರ್ ಎಂದುಕೊಂಡಾಗ ಅವಳ ಹೆದರಿಕೆ ಹೋಯಿತು. ಈ ಸಲವೂ ತರಗತಿ ನಕ್ಕಿತು, ಆದರೆ ಅವಳ ಜೊತೆ ನಕ್ಕಿತು.

ವಾರ್ಷಿಕೋತ್ಸವದ ನಾಟಕಕ್ಕೆ ಅವಳ ಹೆಸರು ಬರೆದಾಗ ಅವಳ ಅಬ್ಬಾ ಬಂದರು. "ಮೇಡಂ, ಹೆಣ್ಣುಮಗು, ನಾಟಕ ಗೀಟಕ ಬೇಡ" ಎಂದರು. ನಾನು ವಾದ ಮಾಡಲಿಲ್ಲ. ಕೊನೆಯ ಬೆಂಚಿನಲ್ಲಿ ಕೂತು ಒಂದು ದಿನದ ಅಭ್ಯಾಸ ನೋಡಿ ಎಂದೆ. ನೋಡಿದರು, ಏನೂ ಹೇಳದೆ ಹೋದರು. ಮರುದಿನ ಹುಡುಗಿ ಅಭ್ಯಾಸಕ್ಕೆ ಬಂದಳು. ಕೆಲವು ತಿಂಗಳ ನಂತರ ಅವಳ ಅಮ್ಮಿ ಸಿಕ್ಕಿ ಹೇಳಿದರು: ದಾದಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಎಲ್ಲಿ ನೋವು, ಯಾವಾಗಿನಿಂದ ಎಂದು ಡಾಕ್ಟರಿಗೆ ಕನ್ನಡದಲ್ಲಿ ವಿವರಿಸಿದ್ದು ಈ ಹುಡುಗಿಯೇ ಅಂತೆ. ನಾಟಕದಿಂದ ಏನು ಉಪಯೋಗ ಎಂದು ಕೇಳುವವರಿಗೆ ನನ್ನ ಉತ್ತರ ಆ ದಾದಿ.

ನಮ್ಮವರ ಪೈಕಿಯೇ ಒಂದು ಉದಾಹರಣೆ ಬೇಕೆಂದರೆ ಖಾದರ್ ಖಾನ್ ಅವರಿದ್ದಾರೆ. ಮುಂಬೈಯ ಬೈಕುಲ್ಲಾದಲ್ಲಿ ಅಂಜುಮನೆ ಇಸ್ಲಾಂ ಸಂಸ್ಥೆಯ ಸಾಬೂ ಸಿದ್ದೀಕ್ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದರು. ಜೊತೆಗೆ ನಾಟಕ ಬರೆದು ಆಡುತ್ತಿದ್ದರು. ಅದನ್ನು ನೋಡಿದ ದಿಲೀಪ್ ಕುಮಾರ್ ಅವರನ್ನು ಸಿನಿಮಾಕ್ಕೆ ಕರೆದರು. ನಮ್ಮಂಥದೇ ಒಂದು ವಿದ್ಯಾಸಂಸ್ಥೆಯ ಅಂಗಳದಿಂದ ಹೊರಟವರು ಅವರು. 2018ರಲ್ಲಿ ತೀರಿಕೊಂಡರು. ಮರುವರ್ಷ ಸರ್ಕಾರ ಮರಣೋತ್ತರವಾಗಿ ಪದ್ಮಶ್ರೀ ನೀಡಿತು.

ಆತ್ಮೀಯರೆ, ನಟ ಬೇರೆಯವರ ನೋವನ್ನು ತನ್ನದು ಮಾಡಿಕೊಳ್ಳಬೇಕು. ಶಿಕ್ಷಕರು ಮಗುವಿನ ಬೆಂಚಿನಲ್ಲಿ ಕೂತು ಕಪ್ಪು ಹಲಗೆ ನೋಡಬೇಕು. ಎರಡು ವೃತ್ತಿಗಳಲ್ಲೂ ಇರುವುದು ಒಂದೇ ಗುಣ. ಎಲ್ಲ ಮಕ್ಕಳೂ ನಟರಾಗಲಿ ಎಂದು ನಾನು ಹೇಳುತ್ತಿಲ್ಲ. ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ಮಗು ವೇದಿಕೆ ಹತ್ತುತ್ತೇನೆ ಎಂದಾಗ ತಡೆಯುವ ಮೊದಲು ಒಂದು ದಿನ ಬಂದು ನೋಡಿ. ಮಗಳು ಬಿ.ಎಡ್. ಮಾಡುತ್ತೇನೆ ಎಂದಾಗ "ಬೇರೆ ಏನೂ ಸಿಗಲಿಲ್ಲವಾ?" ಎಂದು ಕೇಳಬೇಡಿ. ಶಿಕ್ಷಕ ಬಂಧುಗಳಲ್ಲಿಯೂ ಒಂದು ವಿನಂತಿ: ಮಗು ತಪ್ಪು ಉಚ್ಚರಿಸಿದಾಗ ನಗಬೇಡಿ. ನಾನು ನಕ್ಕು ಎರಡು ತಿಂಗಳು ಕಳೆದುಕೊಂಡೆ.