ಸ್ಯಾಕ್ಸೋಫೋನೂ ನಮ್ಮ ಸಂಗೀತವೂ

ಗದಗು-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ, ಮದುವೆಯ ಮೆರವಣಿಗೆ ಬೀದಿಗೆ ಬಂದಾಗ ಬ್ಯಾಂಡಿನವರ ವಾದ್ಯಗಳನ್ನು ನಾವೆಲ್ಲರೂ ಕೇಳಿರುವೆವು. ಕೇಳಿಯೂ ಕೇಳದಂತೆ ಇದ್ದುಬಿಟ್ಟಿರುವೆವು ಎಂದರೆ ಇನ್ನೂ ನಿಜ. ಸನಾದಿಗೆ ಮಂಗಳವಾದ್ಯವೆಂಬ ಮರ್ಯಾದೆಯುಂಟು. ಸ್ಯಾಕ್ಸೋಫೋನಿಗೆ ಅದೂ ಇಲ್ಲ. ಪರದೇಶದ ವಾದ್ಯ, ಗದ್ದಲಕ್ಕೆ ಮಾತ್ರ ತಕ್ಕುದು ಎಂಬ ಭಾವನೆಯೇ ಬಹಳ ಮಂದಿಯಲ್ಲಿ ಬೇರೂರಿತ್ತು. ಕನ್ನಡನಾಡಿನ ಕಲಾವಿದರೊಬ್ಬರು ಈ ಭಾವನೆಯನ್ನು ತಮ್ಮ ಉಸಿರಿನಿಂದಲೇ ಅಳಿಸಿದರು. ಆ ಕದ್ರಿ ಗೋಪಾಲನಾಥರ ಸಾಧನೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇವೆ.

ಮೊದಲು ವಾದ್ಯದ ವಿಚಾರ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತನು ಇದನ್ನು ನಿರ್ಮಿಸಿ 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದನು. ಇದರ ಮೈ ಹಿತ್ತಾಳೆಯದು. ಆದರೂ ಬಲ್ಲವರು ಇದನ್ನು ಮರದ ಸುಷಿರವಾದ್ಯಗಳ ಪಂಕ್ತಿಯಲ್ಲೇ ಕೂರಿಸುವರು. ಏಕೆಂದರೆ ಇದರ ನಾದ ಹುಟ್ಟುವುದು ಬಾಯಲ್ಲಿಟ್ಟ ಜೊಂಡಿನ ನಾಲಿಗೆಯಿಂದ. ಆ ಮಟ್ಟಿಗೆ ಇದು ನಮ್ಮ ಸನಾದಿಗೂ ನಾಗಸ್ವರಕ್ಕೂ ದೂರದ ನೆಂಟನೇ ಸರಿ. ಆದರೆ ಒಂದು ದೊಡ್ಡ ಭೇದವುಂಟು. ನಾಗಸ್ವರದಲ್ಲಿ ಬೆರಳು ನೇರವಾಗಿ ರಂಧ್ರದ ಮೇಲೆ ಕೂರುವುದರಿಂದ ಅದನ್ನು ಅರೆ ತೆರೆದು, ಅರೆ ಮುಚ್ಚಿ, ಸ್ವರದಿಂದ ಸ್ವರಕ್ಕೆ ಜಾರಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳಿವೆ. ಸ್ವರವು ಮೆಟ್ಟಿಲಿನಿಂದ ಮೆಟ್ಟಿಲಿಗೆ ನೆಗೆಯುತ್ತದೆ. ಗಮಕವಿಲ್ಲದೆ ರಾಗವೆಲ್ಲಿಯದು?

ಗೋಪಾಲನಾಥರು 1949ರಲ್ಲಿ ಬಂಟವಾಳದ ಬಳಿಯ ಸಜಿಪಮೂಡದಲ್ಲಿ ಜನಿಸಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಬಾಲಕನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮರುಳಾದನು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರರಲ್ಲಿಯೂ, ಮದ್ರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಕ್ಷಣವಾಯಿತು. ತುಟಿಯ ಒತ್ತು, ಉಸಿರಿನ ಹದ, ಬೆರಳಿನ ಸೂಕ್ಷ್ಮ, ಇವುಗಳನ್ನು ವರ್ಷಗಟ್ಟಲೆ ತಿದ್ದಿ ತಿದ್ದಿ, ನೆಗೆಯುವ ವಾದ್ಯಕ್ಕೆ ಜಾರುವುದನ್ನು ಕಲಿಸಿದರು.

1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರು ಇವರೊಡನೆ ಕೂಡಿ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮನೇಡ್ ಉತ್ಸವದಿಂದ ಕರೆ ಬಂದಿತು. ಅದೇ ವರ್ಷ ಎ. ಆರ್. ರಹಮಾನರ ಸಂಗೀತವಿದ್ದ ‘ಡ್ಯುಯೆಟ್’ ಎಂಬ ತಮಿಳು ಚಿತ್ರಕ್ಕಾಗಿ ಧ್ವನಿಮುದ್ರಣಾಲಯದಲ್ಲಿ ನುಡಿಸಿದರು. ಕಛೇರಿಗೆ ಕಾಲಿಡದವರೂ ಕಲ್ಯಾಣವಸಂತ ರಾಗಕ್ಕೆ ತಲೆದೂಗಿದರು. 2008ರಲ್ಲಿ, ಅಮೆರಿಕದಲ್ಲಿ ಬೆಳೆದ ಕನ್ನಡ ಮನೆತನದ ಜಾಜ್ ವಾದಕ ರುದ್ರೇಶ್ ಮಹಂತಪ್ಪನವರೊಡನೆ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ ಹೊರಬಂದಿತು. ಎಲ್ಲಿ ನುಡಿಸಿದರೂ ಅವರು ತಮ್ಮ ರಾಗವನ್ನು ಬಿಡಲಿಲ್ಲ. ಎದುರಿನವರ ದಾರಿಯನ್ನು ಹಳಿಯಲೂ ಇಲ್ಲ. 2004ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ಗದಗಿನವರಾದ ನಮಗೆ ಇದರಲ್ಲಿ ಪಾಠವೇನು? ಹಾರ್ಮೋನಿಯಮ್ಮೂ ಯೂರೋಪಿನಿಂದ ಬಂದ ಕೀಲಿಯ ವಾದ್ಯವೇ. ಗಮಕಕ್ಕೆ ಒಗ್ಗದೆಂದು ರೇಡಿಯೋ ಇಲಾಖೆಯು 1940ರಿಂದ ಮೂರು ದಶಕಗಳ ಕಾಲ ಅದನ್ನು ಹೊರಗಿಟ್ಟಿತ್ತು. ಆದರೆ ನಮ್ಮ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಕೈಯಲ್ಲಿ ಅದೇ ಹಾರ್ಮೋನಿಯಮ್ ಹಾಡಿತು. ವಾದ್ಯದ ಕೊರತೆ ಸುಳ್ಳಲ್ಲ. ಆದರೆ ಆ ಕೊರತೆಯನ್ನು ತುಂಬುವುದು ಸಾಧಕನ ಕೆಲಸ, ಸಾಧಕನನ್ನು ಗುರುತಿಸುವುದು ಕೇಳುವವರ ಕೆಲಸ.

ಗೋಪಾಲನಾಥರಿಗೆ ಗುರುಗಳು ದೊರೆತರು, ಸಭೆಗಳೂ ದೊರೆತವು. ಬೀದಿಯ ಬ್ಯಾಂಡಿನಲ್ಲಿ ಅಂತಹ ಇನ್ನೊಬ್ಬ ಹುಡುಗನಿದ್ದರೆ ಅವನ ಗತಿಯೇನು? ಮುಂದಿನ ಮೆರವಣಿಗೆ ನಮ್ಮ ಮನೆಯ ಮುಂದೆ ಬಂದಾಗ ಕಿಟಕಿಯನ್ನು ಮುಚ್ಚದೆ ಒಂದು ಗಳಿಗೆ ನಿಂತು ಕೇಳೋಣ. ನಮ್ಮಿಂದಾಗುವ ಗುರುತಿಸುವಿಕೆ ಅಲ್ಲಿಂದಲೇ ಮೊದಲಾಗಬೇಕು.