ಲಾಂಚಿನ ದಡದಲ್ಲಿ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಹರಡಿಕೊಂಡಿತು. ಆಮೇಲೆ ಬಹುಕಾಲ ಹಿನ್ನೀರಿನ ಆಚೆ ದಡದ ತುಮರಿಯವರಿಗೆ ಸಾಗರ ಪೇಟೆಯ ಹತ್ತಿರದ ದಾರಿಯೆಂದರೆ ಲಾಂಚು.

ಅಲ್ಲಿ ಸೇತುವೆ ಬರುವುದಕ್ಕೆ ಮುಂಚಿನ ಒಂದು ಭಾನುವಾರ. ಲಾಂಚು ಹತ್ತುವ ಹೊಳೆಬಾಗಿಲಿನಲ್ಲಿ ಸಿಗಂದೂರು ದೇವಸ್ಥಾನಕ್ಕೆ ಹೊರಟ ಕಾರುಗಳ ಉದ್ದನೆ ಸಾಲು. ಬೆವರು ಸುರಿಸುತ್ತಾ ಕಾರಿನಿಂದ ಇಳಿದ ಒಬ್ಬರು ಲಾಂಚಿನ ಹುಡುಗನ ಮೇಲೆ ಹರಿಹಾಯ್ದರು. ಅವನು ದನಿ ಏರಿಸಲಿಲ್ಲ. ಕಾರಿನ ಕಿಟಕಿಯತ್ತ ನೋಡಿ, "ಮಕ್ಕಳು ಬಿಸಿಲಲ್ಲಿ ಬೇಯ್ತಿದಾವಲ್ಲ ಸಾರ್, ಮೊದಲು ಅವರನ್ನ ನೆರಳಿಗೆ ಕಳಿಸಿ. ಮುಂದಿನ ಟ್ರಿಪ್ಪಿಗೆ ನಿಮ್ಮದೇ ಗಾಡಿ" ಅಂದ. ಆ ಮನುಷ್ಯ ಒಂದು ಗಳಿಗೆ ಸುಮ್ಮನಿದ್ದು, ಮಗುವನ್ನು ಎತ್ತಿಕೊಂಡು ಮರದ ಬುಡಕ್ಕೆ ನಡೆದರು.

ಎದುರಿನವರ ಭಾವನೆಯನ್ನು ಹೀಗೆ ಓದಿ ನಡೆದುಕೊಳ್ಳುವ ಗುಣದ ಬಗ್ಗೆ ಪೀಟರ್ ಸಲೋವಿ, ಜಾನ್ ಮೇಯರ್ ಎಂಬ ಮನೋವಿಜ್ಞಾನಿಗಳು 1990ರಲ್ಲಿ ಭಾವನಾತ್ಮಕ ಬುದ್ಧಿವಂತಿಕೆ ಎಂಬ ಹೆಸರಲ್ಲಿ ಸಿದ್ಧಾಂತ ಕಟ್ಟಿದರು. 1995ರ ಡೇನಿಯಲ್ ಗೋಲ್‌ಮನ್ ಪುಸ್ತಕದಿಂದ ಅದು ಕಂಪನಿಗಳ ತರಬೇತಿಗೂ ಬಂತು. ಅಲ್ಲಿ ಕೆಲವೊಮ್ಮೆ ಅದು ಬರೀ ಅಂಟಿಸಿಕೊಂಡ ನಗು ಆಗಿಬಿಡುತ್ತದೆ ಅನ್ನುವುದು ನನ್ನ ತಕರಾರು. ಆ ಹುಡುಗ ನಕ್ಕಿರಲಿಲ್ಲ. ಕೋಪದ ಹಿಂದೆ ಇದ್ದ ಅಪ್ಪನನ್ನು ಕಂಡಿದ್ದ, ಅಷ್ಟೆ.

2025ರ ಜುಲೈ 14ರಂದು ಅದೇ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಸುಮಾರು ಎರಡೂವರೆ ಕಿಲೋಮೀಟರ್. ಈಗ ಕಿಟಕಿ ಇಳಿಸುವಷ್ಟರಲ್ಲಿ ಆಚೆ ದಡ. ನನಗೆ ಮಾತ್ರ ಅಲ್ಲಿ ದಾಟುವಾಗೆಲ್ಲ ಆ ಮರದ ನೆರಳು ನೆನಪಾಗುತ್ತದೆ.