ಸೇತುವೆಯನ್ನು ಬಿಟ್ಟು ಚಿತ್ರವಿಲ್ಲ
(ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ ಬ್ಯಾರಿಯೊ ಲೋಗನ್ ಎಂಬ ಬಡಾವಣೆಯಿದೆ. ಅಲ್ಲಿ ನೆಲೆಸಿದವರಲ್ಲಿ ಹೆಚ್ಚಿನವರು ಮೆಕ್ಸಿಕೊ ಮೂಲದ ದುಡಿಯುವ ಜನ. 1963ರಲ್ಲಿ ಹೆದ್ದಾರಿಯೊಂದು ಆ ಬಡಾವಣೆಯನ್ನು ಸೀಳಿತು. 1969ರಲ್ಲಿ ಕೊರೊನಾಡೊ ಸೇತುವೆ ತೆರೆಯುವ ವೇಳೆಗೆ ಮನೆಗಳಿದ್ದ ನೆಲದಲ್ಲಿ ಕಾಂಕ್ರೀಟ್ ಕಂಬಗಳು ಎದ್ದಿದ್ದವು. ಕಂಬಗಳ ನಡುವಿನ ಜಾಗ ಉದ್ಯಾನವಾಗುವುದೆಂದು ಜನ ನಂಬಿದ್ದರು. ಆದರೆ 1970ರ ಏಪ್ರಿಲ್ 22ರಂದು, ಮೊದಲ ಭೂದಿನವನ್ನು ಆಚರಿಸಿದ ದಿನವೇ, ಹೆದ್ದಾರಿ ಪೊಲೀಸರ ಕಟ್ಟಡಕ್ಕಾಗಿ ಬುಲ್‌ಡೋಜರ್‌ಗಳು ನೆಲ ಅಗೆಯತೊಡಗಿದವು. ಜನ ಯಂತ್ರಗಳ ಸುತ್ತ ಸರಪಳಿಯಾಗಿ ನಿಂತರು. ಹನ್ನೆರಡು ದಿನ ಅಲ್ಲಿಂದ ಕದಲದೆ ಹೂಗಿಡ, ಪಾಪಾಸುಕಳ್ಳಿಗಳನ್ನು ನೆಟ್ಟರು. ಚಿಕಾನೊ ಪಾರ್ಕ್ ಹುಟ್ಟಿದ್ದು ಹೀಗೆ.

ಕಂಬಗಳನ್ನೇ ಚಿತ್ರಪಟವಾಗಿಸುವ ಕನಸನ್ನು ಕಂಡವರು ಕಲಾವಿದ ಸಾಲ್ವಡಾರ್ ಟೊರೆಸ್. 1973ರಲ್ಲಿ ಚಿತ್ರರಚನೆ ಆರಂಭವಾಯಿತು. 2016ರಲ್ಲಿ ಆ ಉದ್ಯಾನಕ್ಕೆ ರಾಷ್ಟ್ರೀಯ ಐತಿಹಾಸಿಕ ತಾಣವೆಂಬ ಮನ್ನಣೆ ದೊರೆಯಿತು.

ಇಂತಹ ಬೃಹತ್ ಚಿತ್ರದ ಛಾಯಾಚಿತ್ರ ತೆಗೆಯುವವರು ಸಾಮಾನ್ಯವಾಗಿ ಬಣ್ಣವನ್ನಷ್ಟೇ ಚೌಕಟ್ಟಿಗೆ ತುಂಬಿಕೊಳ್ಳುತ್ತಾರೆ. ಆಗ ಸೇತುವೆ ಮರೆಯಾಗುತ್ತದೆ; ಅದರೊಡನೆ ಚಿತ್ರ ಏಕೆ ಹುಟ್ಟಿತೆಂಬ ಕಾರಣವೂ ಮರೆಯಾಗುತ್ತದೆ. ಆದ್ದರಿಂದ ಮೊದಲು ದೂರ ಸರಿದು ಕಂಬ, ಸೇತುವೆ, ಕೆಳಗೆ ಕುಳಿತ ಜನ ಎಲ್ಲವೂ ಕಾಣುವಂತೆ ಒಂದು ಚಿತ್ರ ತೆಗೆಯಿರಿ. ಮನುಷ್ಯಾಕೃತಿಯಿಂದ ಎತ್ತರದ ಅಂದಾಜೂ ಸಿಗುತ್ತದೆ. ಅನಂತರ ಕಂಬಕ್ಕೆ ನೇರ ಎದುರು ನಿಂತು, ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡದೆ ಇನ್ನೊಂದು ತೆಗೆಯಿರಿ. ಓರೆ ಮಾಡಿದರೆ ಗೆರೆಗಳು ಮೇಲೆ ಕೂಡಿಕೊಳ್ಳುತ್ತವೆ. ಕೊನೆಗೆ ಬಿರುಕು, ಸುಲಿದ ಬಣ್ಣ, ಕಲಾವಿದರ ಸಹಿ ಇವುಗಳನ್ನು ಹತ್ತಿರದಿಂದ ತೆಗೆಯಿರಿ. ಸೇತುವೆಯ ನೆರಳೂ ಬಿಸಿಲೂ ಒಂದೇ ಕಂಬದ ಮೇಲೆ ಬಿದ್ದಾಗ ವಿವರ ಕಳೆದುಹೋಗುತ್ತದೆ. ಮೋಡ ಮುಸುಕಿದ ಹೊತ್ತು ಲೇಸು. ದಿನಾಂಕ, ಸ್ಥಳಗಳನ್ನು ಬರೆದಿಡಿ. ಬಣ್ಣ ಮಾಸಿದ ಚಿತ್ರವನ್ನು ಮರಳಿ ಬರೆಯುವವರಿಗೆ ಅಂತಹ ದಾಖಲೆಯೇ ಆಧಾರ.

ಬಯಲಲ್ಲಿದೆ ಎಂದಮಾತ್ರಕ್ಕೆ ಚಿತ್ರ ಎಲ್ಲರ ಸ್ವತ್ತಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯು ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿರುವ ಶಿಲ್ಪಗಳ ಛಾಯಾಚಿತ್ರ ತೆಗೆದು ಪ್ರಕಟಿಸಲು ನೀಡಿರುವ ವಿನಾಯಿತಿಯಲ್ಲಿ ವರ್ಣಚಿತ್ರಗಳನ್ನು ಸೇರಿಸಿಲ್ಲ. ಪ್ರಕಟಿಸುವ ಮುನ್ನ ಕಲಾವಿದರನ್ನು ಕೇಳುವುದು ಕಾನೂನಿಗೂ ಒಳ್ಳೆಯದು, ಮರ್ಯಾದೆಗೂ ಒಳ್ಳೆಯದು.

ನಮ್ಮ ಮಲೆನಾಡಿನ ಹಸೆ ಚಿತ್ತಾರಕ್ಕೂ ಇದೇ ಮಾತು ಸಲ್ಲುತ್ತದೆ. ಗೋಡೆಯನ್ನೂ ಮನೆಯನ್ನೂ ಬಿಟ್ಟು ಚಿತ್ತಾರವನ್ನಷ್ಟೇ ಕತ್ತರಿಸಿ ತೆಗೆದರೆ ಉಳಿಯುವುದು ಅಲಂಕಾರ ಮಾತ್ರ. ಬರೆದ ಅಕ್ಕನ ಒಪ್ಪಿಗೆ ಪಡೆದು, ಆಕೆಯ ಹೆಸರಿನೊಡನೆ ದಾಖಲಿಸಿದರೆ ಅದು ಊರಿನ ಚರಿತ್ರೆಯಾಗುತ್ತದೆ.